ಬೆರಿಕ್ ಇಲ್ಲದ ಬೆರಿಕ್‌ಶೈರ್: ಒಂದೇ ಗಡಿನಾಡಿಗೆ ಇಷ್ಟೊಂದು ಗಡಿಗಳು ಏಕೆ?

ಸ್ಕಾಟ್ಲೆಂಡ್ ಸಂಸತ್ತಿನ 2026ರ ಮೇ ಚುನಾವಣೆಯ ಸುದ್ದಿಗಳನ್ನು ಗಮನಿಸುವವರಿಗೆ ಬೆರಿಕ್‌ಶೈರ್ ಎಂಬ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ, ಪ್ರತಿ ಸಲವೂ ಬೇರೆ ಜೊತೆಗಾರರೊಂದಿಗೆ. ಎಡಿನ್‌ಬರಾದ ಸಂಸತ್ತಿಗೆ ‘ಎಟ್ರಿಕ್, ರಾಕ್ಸ್‌ಬರಾ ಮತ್ತು ಬೆರಿಕ್‌ಶೈರ್’ ಕ್ಷೇತ್ರ. ಲಂಡನ್ನಿನ ಸಂಸತ್ತಿಗೆ ‘ಬೆರಿಕ್‌ಶೈರ್, ರಾಕ್ಸ್‌ಬರಾ ಮತ್ತು ಸೆಲ್‌ಕರ್ಕ್’ ಕ್ಷೇತ್ರ. ಸ್ಥಳೀಯ ಆಡಳಿತದ ನಕಾಶೆ ತೆರೆದರೆ ಆ ಹೆಸರಿನ ಜಿಲ್ಲೆಯೇ ಇಲ್ಲ. ಇರುವುದು ಸ್ಕಾಟಿಷ್ ಬಾರ್ಡರ್ಸ್ ಕೌನ್ಸಿಲ್, ಅದರೊಳಗೆ ಪೂರ್ವ ಬೆರಿಕ್‌ಶೈರ್, ಮಧ್ಯ ಬೆರಿಕ್‌ಶೈರ್ ಎಂಬ ವಾರ್ಡುಗಳು. ಇನ್ನು ಯಾವ ಊರಿನಿಂದ ಈ ನಾಡಿಗೆ ಹೆಸರು ಬಂತೋ ಆ ಬೆರಿಕ್ ಪಟ್ಟಣ ಇರುವುದು ಇಂಗ್ಲೆಂಡಿನಲ್ಲಿ. ಅದರ ಮತದಾರರು ಸ್ಕಾಟ್ಲೆಂಡ್ ಸಂಸತ್ತಿಗೆ ಮತ ಹಾಕುವಂತೆಯೇ ಇಲ್ಲ.

ಇದರ ಜೊತೆಗೆ ಇನ್ನೊಂದು ಸುದ್ದಿ. ಹುಟ್ಟಿನ ಬಲದಿಂದ ಬ್ರಿಟನ್ನಿನ ಮೇಲ್ಮನೆಯಲ್ಲಿ ಕುಳಿತಿದ್ದ ಶ್ರೀಮಂತ ಮನೆತನದವರನ್ನು ಪೂರ್ತಿ ಹೊರಗಿಡುವ ಮಸೂದೆ 2024ರ ಸೆಪ್ಟೆಂಬರಿನಲ್ಲಿ ಮಂಡನೆಯಾದ ಮೇಲೆ, ಗಡಿನಾಡಿನ ಅರ್ಲ್, ಡ್ಯೂಕ್‌ಗಳ ಗತಿ ಏನು, ಅವರ ಬಿರುದು ಹೋಗುತ್ತದೆಯೇ, ಜಮೀನು ಹೋಗುತ್ತದೆಯೇ ಎಂಬ ಪ್ರಶ್ನೆಗಳೂ ಎದ್ದವು.

ಎರಡೂ ಗೊಂದಲಗಳ ಬೇರು ಒಂದೇ. ಒಂದು ನಾಡಿಗೆ ಒಂದೇ ಗಡಿ ಇರುತ್ತದೆ, ಆ ಹೆಸರಿನ ಬಿರುದು ಹೊತ್ತವನು ಆ ನಾಡಿನ ಒಡೆಯನಾಗಿರುತ್ತಾನೆ ಎಂದು ನಾವು ಅಂದುಕೊಳ್ಳುತ್ತೇವೆ. ಬೆರಿಕ್‌ಶೈರ್‌ನಲ್ಲಿ ಹಾಗಿಲ್ಲ. ಯುದ್ಧಕ್ಕೆ ಒಂದು ಗೆರೆ, ನ್ಯಾಯಕ್ಕೆ ಒಂದು ಗೆರೆ, ಮತಕ್ಕೆ ಒಂದು, ಮೀನುಗಾರಿಕೆಗೆ ಇನ್ನೊಂದು. ಒಂದೊಂದನ್ನೂ ಒಂದೊಂದು ಕಾಲದಲ್ಲಿ ಒಂದೊಂದು ಕೆಲಸಕ್ಕಾಗಿ ಎಳೆದರು. ಒಂದು ಸರಿದಾಗ ಉಳಿದವು ಸರಿಯಲಿಲ್ಲ.

ನದಿ ಗಡಿಯಾದ ಬಗೆ

ಸ್ಕಾಟ್ಲೆಂಡಿನ ಆಗ್ನೇಯ ಮೂಲೆಯಲ್ಲಿರುವ ಬೆರಿಕ್‌ಶೈರ್‌ಗೆ ಮೂರು ಭಾಗ. ಉತ್ತರದಲ್ಲಿ ಲ್ಯಾಮರ್‌ಮ್ಯೂರ್ ಬೆಟ್ಟಸಾಲು, ಪಶ್ಚಿಮದಲ್ಲಿ ಲಾಡರ್‌ಡೇಲ್ ಕಣಿವೆ, ದಕ್ಷಿಣದಲ್ಲಿ ಟ್ವೀಡ್ ನದಿಯವರೆಗೆ ಹರಡಿದ ಮರ್ಸ್ ಎಂಬ ಫಲವತ್ತಾದ ಬಯಲು. ದಂಡು ನಡೆಸಲು ಸುಲಭವಾದ, ದಂಡಿಗೆ ಕಾಳು ಸಿಗುವ ನೆಲ ಅದು. ದಕ್ಷಿಣದಿಂದ ಎಡಿನ್‌ಬರಾಕ್ಕೆ ಹೋಗುವ ಸೇನೆಗಳು ಇಲ್ಲಿಂದಲೇ ಹಾದುಹೋದವು.

ಸುಮಾರು 1018ರಲ್ಲಿ ಟ್ವೀಡ್ ದಂಡೆಯ ಕಾರಮ್ ಎಂಬಲ್ಲಿ ಸ್ಕಾಟರ ದೊರೆ ಎರಡನೇ ಮಾಲ್ಕಮ್, ಇಂದಿನ ಉತ್ತರ ಇಂಗ್ಲೆಂಡಿನ ನಾಡಾದ ನಾರ್ತಂಬ್ರಿಯಾದವರನ್ನು ಸೋಲಿಸಿದ. ನದಿಯ ಉತ್ತರದ ನೆಲ ಸ್ಕಾಟರ ಕೈಯಲ್ಲಿ ಗಟ್ಟಿಯಾಯಿತು. ಆದರೆ ನದಿಯ ದಕ್ಷಿಣಕ್ಕೂ ತಮ್ಮ ಹಕ್ಕಿದೆ ಎಂದು ಸ್ಕಾಟ್ ದೊರೆಗಳು ಮುಂದೆಯೂ ಇನ್ನೂರು ವರ್ಷ ವಾದಿಸಿದರು. 1237ರ ಯಾರ್ಕ್ ಒಪ್ಪಂದದಲ್ಲಿ ಎರಡನೇ ಅಲೆಗ್ಸಾಂಡರ್ ಆ ಹಕ್ಕನ್ನು ಬಿಟ್ಟುಕೊಟ್ಟ. ಪೂರ್ವದಲ್ಲಿ ಟ್ವೀಡ್‌ನಿಂದ ಪಶ್ಚಿಮದಲ್ಲಿ ಸಾಲ್ವೇ ಕೊಲ್ಲಿಯವರೆಗಿನ ಇಂದಿನ ಗಡಿ ಬಹುತೇಕ ಅಂದು ಒಪ್ಪಿಕೊಂಡದ್ದೇ. ಯುರೋಪಿನಲ್ಲಿ ಇಷ್ಟು ಹಳೆಯದಾಗಿ, ಇಷ್ಟು ಕಡಿಮೆ ಬದಲಾಗಿ ಉಳಿದಿರುವ ಗಡಿಗಳು ಹೆಚ್ಚಿಲ್ಲ.

ಆ ಒಪ್ಪಂದದ ಪ್ರಕಾರ ಬೆರಿಕ್ ಪಟ್ಟಣ ಸ್ಕಾಟ್ಲೆಂಡಿನದು. ನದಿ ಸಮುದ್ರ ಸೇರುವ ಕಡೆ ಉತ್ತರ ದಂಡೆಯಲ್ಲಿದ್ದ ಆ ಊರು ಉಣ್ಣೆ ಮತ್ತು ಚರ್ಮದ ರಫ್ತಿನಿಂದ ಸ್ಕಾಟ್ಲೆಂಡಿನ ಅತಿ ಶ್ರೀಮಂತ ಬಂದರಾಗಿ ಬೆಳೆದಿತ್ತು. ಸುತ್ತಲಿನ ಜಿಲ್ಲೆಗೆ ಅದರ ಹೆಸರು ಬಂದದ್ದು ಸಹಜ. ಅದೇ ಸಿರಿ ಅದರ ಕುತ್ತಿಗೆಗೂ ಬಂತು. ಇಂಗ್ಲೆಂಡಿನ ದೊರೆಗೆ ಸ್ಕಾಟ್ಲೆಂಡನ್ನು ಮಣಿಸಬೇಕಾದರೆ ಮೊದಲು ಹಿಡಿಯಬೇಕಾದದ್ದು ಬೆರಿಕ್ಕನ್ನು. 1296ರ ಮಾರ್ಚಿನಲ್ಲಿ ಮೊದಲನೇ ಎಡ್ವರ್ಡ್ ಊರನ್ನು ಹಿಡಿದು ಸಾವಿರಾರು ಜನರನ್ನು ಕೊಲ್ಲಿಸಿದ. 1318ರಲ್ಲಿ ಸ್ಕಾಟರು ಮರಳಿ ಪಡೆದರು. 1333ರಲ್ಲಿ ಊರಿನ ಪಕ್ಕದ ಹ್ಯಾಲಿಡನ್ ಗುಡ್ಡದ ಕಾಳಗದಲ್ಲಿ ಸೋತು ಮತ್ತೆ ಕಳೆದುಕೊಂಡರು. 1461ರಲ್ಲಿ ಇಂಗ್ಲೆಂಡಿನ ಅಂತಃಕಲಹದಲ್ಲಿ ಸೋತ ಆರನೇ ಹೆನ್ರಿಯ ಪಕ್ಷ ಸ್ಕಾಟರ ನೆರವಿಗಾಗಿ ಊರನ್ನೇ ಬಿಟ್ಟುಕೊಟ್ಟಿತು. ಒಟ್ಟು 13 ಬಾರಿ ಕೈ ಬದಲಾಯಿತು ಎಂಬುದು ರೂಢಿಯ ಲೆಕ್ಕ.

1482ರ ಬೇಸಿಗೆ

ಕೊನೆಯ ಬದಲಾವಣೆ ನಡೆದದ್ದು 1482ರಲ್ಲಿ. ಬೆರಿಕ್‌ಶೈರ್‌ನ ಇಂದಿನ ಎಲ್ಲ ಗೋಜಲಿಗೂ ಮೂಲ ಅದು. ಹಾಗಾಗಿ ಅಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಸ್ಕಾಟ್ಲೆಂಡಿನ ದೊರೆ ಮೂರನೇ ಜೇಮ್ಸ್‌ಗೂ ಅವನ ತಮ್ಮ ಆಲ್ಬನಿಯ ಡ್ಯೂಕ್‌ಗೂ ಹಗೆ. ಆಲ್ಬನಿ ಇಂಗ್ಲೆಂಡಿಗೆ ಹೋಗಿ, ತನ್ನನ್ನು ಸ್ಕಾಟ್ಲೆಂಡಿನ ದೊರೆಯಾಗಿ ಮಾಡಿದರೆ ಬೆರಿಕ್ ಕೊಡುತ್ತೇನೆ ಎಂದು ಒಪ್ಪಿಕೊಂಡ. ಮುಂದೆ ಮೂರನೇ ರಿಚರ್ಡ್ ಎಂದು ಸಿಂಹಾಸನ ಏರಲಿದ್ದ ಗ್ಲಾಸ್ಟರ್‌ನ ಡ್ಯೂಕ್ ದೊಡ್ಡ ಸೇನೆಯೊಂದಿಗೆ ಉತ್ತರಕ್ಕೆ ಹೊರಟ. ಇದನ್ನು ತಡೆಯಲು ಜೇಮ್ಸ್ ತನ್ನ ಸೇನೆಯನ್ನು ಲಾಡರ್‌ವರೆಗೆ ತಂದ. ಲಾಡರ್ ಬೆರಿಕ್‌ಶೈರ್‌ನದೇ ಪಶ್ಚಿಮದ ಊರು.

ಆ ಸೇನೆ ಮುಂದೆ ಹೋಗಲೇ ಇಲ್ಲ. ದೊರೆ ತಮ್ಮನ್ನು ಕಡೆಗಣಿಸಿ ತನ್ನ ಆಪ್ತರ ಮಾತು ಕೇಳುತ್ತಾನೆ ಎಂದು ಕುದಿಯುತ್ತಿದ್ದ ಶ್ರೀಮಂತರು ಜುಲೈನಲ್ಲಿ ಲಾಡರ್‌ನಲ್ಲೇ ಅವನನ್ನು ಸೆರೆಹಿಡಿದು, ಅವನ ಆಪ್ತರನ್ನು ನೇಣು ಹಾಕಿ, ದೊರೆಯನ್ನು ಎಡಿನ್‌ಬರಾಕ್ಕೆ ಕೊಂಡೊಯ್ದರು. ಬೆರಿಕ್ ಕೋಟೆಗೆ ನೆರವು ಬರಲಿಲ್ಲ. ಆಗಸ್ಟ್ 24ರಂದು ಅದು ಬಿತ್ತು.

ಹಾಗಾಗಿ ಬೆರಿಕ್ ಹೋದದ್ದು ಇಂಗ್ಲಿಷರ ಬಲದಿಂದ ಮಾತ್ರ ಅಲ್ಲ. ಜಿಲ್ಲೆಯ ಒಂದು ತುದಿಯಲ್ಲಿ ಸ್ಕಾಟ್ ಶ್ರೀಮಂತರು ತಮ್ಮ ದೊರೆಯನ್ನು ಕಟ್ಟಿಹಾಕಿದ್ದರಿಂದ ಇನ್ನೊಂದು ತುದಿಯ ಪಟ್ಟಣ ಹೋಯಿತು. ಗಡಿಯನ್ನು ಬರೆದದ್ದು ಕತ್ತಿ ಎನ್ನುವುದು ವಾಡಿಕೆ. ಇಲ್ಲಿ ಅದನ್ನು ಬರೆದದ್ದು ಒಳಜಗಳ.

ಪಟ್ಟಣದೊಂದಿಗೆ ಅದರ ಸುತ್ತಲಿನ ಒಂದಿಷ್ಟು ಹೊಲಗದ್ದೆಯೂ ಇಂಗ್ಲೆಂಡಿಗೆ ಸೇರಿತು. ‘ಬೆರಿಕ್ ಬೌಂಡ್ಸ್’ ಎಂದು ಕರೆಯುವ ಈ ತುಂಡಿನಿಂದಾಗಿ ಗಡಿ ಕೊನೆಯ ಕೆಲವು ಮೈಲಿ ನದಿಯನ್ನು ಬಿಟ್ಟು ಉತ್ತರಕ್ಕೆ ತಿರುಗಿ, ಲ್ಯಾಂಬರ್ಟನ್ ಬಳಿ ಸಮುದ್ರ ಮುಟ್ಟುತ್ತದೆ. ಇಂದಿಗೂ ಮೇ ತಿಂಗಳಲ್ಲಿ ಬೆರಿಕ್ ಜನ ಕುದುರೆ ಏರಿ ಈ ಮೇರೆಯನ್ನು ಸುತ್ತಿ ಬರುತ್ತಾರೆ. ಯಾರೂ ಗಡಿಕಲ್ಲು ಕೀಳದಂತೆ ಕಾಯುತ್ತಿದ್ದ ಕಾಲದ ಕರ್ತವ್ಯ ಈಗ ಹಬ್ಬವಾಗಿ ಉಳಿದಿದೆ.

ಗಡಿ ಕಾಯುವ ಕೆಲಸದಿಂದ ಬೆಳೆದ ಮನೆತನ

ಈ ನಾಡಿನ ಮೊದಲ ದೊಡ್ಡ ಒಡೆಯರು ಡನ್‌ಬಾರ್‌ನ ಅರ್ಲ್‌ಗಳು. 11ನೇ ಶತಮಾನದಲ್ಲಿ ನಾರ್ತಂಬ್ರಿಯಾದಿಂದ ಓಡಿಬಂದ ಗಾಸ್ಪ್ಯಾಟ್ರಿಕ್ ಎಂಬವನಿಗೆ ಮೂರನೇ ಮಾಲ್ಕಮ್ ನೆಲ ಕೊಟ್ಟದ್ದರಿಂದ ಅವರ ಕಥೆ ಶುರು. ಗಡಿಯ ಎರಡೂ ಕಡೆ ನೆಂಟರು, ಎರಡೂ ಕಡೆ ಆಸ್ತಿ. ದೊರೆಗಳಿಗೆ ಇಂಥವರ ಮೇಲೆ ನಂಬಿಕೆ ಉಳಿಯುವುದು ಕಷ್ಟ. 1435ರಲ್ಲಿ ಅವರ ಅರ್ಲ್ ಪದವಿ, ಜಮೀನು ಎಲ್ಲ ಮುಟ್ಟುಗೋಲಾಯಿತು.

ಆ ಖಾಲಿ ಜಾಗಕ್ಕೆ ಏರಿದವರು ಹ್ಯೂಮ್ ಮನೆತನದವರು. 1473ರಲ್ಲಿ ಲಾರ್ಡ್ ಹ್ಯೂಮ್ ಎಂಬ ಬಿರುದು ಬಂತು. ಕೋಲ್ಡಿಂಗ್‌ಹ್ಯಾಮ್‌ನ ಸಿರಿವಂತ ಕ್ರೈಸ್ತ ಮಠದ ಆದಾಯ ತಮ್ಮದೇ ಎಂದು ಅವರು ಎಣಿಸಿದ್ದರು. ಮೂರನೇ ಜೇಮ್ಸ್ ಅದನ್ನು ತನ್ನ ಅರಮನೆಯ ಪ್ರಾರ್ಥನಾಲಯಕ್ಕೆ ತಿರುಗಿಸಲು ಹೋದಾಗ ಹ್ಯೂಮ್‌ಗಳು ಬಂಡೆದ್ದವರ ಜೊತೆ ಸೇರಿದರು. 1488ರ ಜೂನಿನಲ್ಲಿ ಸಾಕಿಬರ್ನ್ ಕಾಳಗದಲ್ಲಿ ದೊರೆ ಸತ್ತ. ಹೊಸ ಆಳ್ವಿಕೆಯಲ್ಲಿ ಹ್ಯೂಮ್‌ಗಳಿಗೆ ರಾಜ್ಯದ ಮಹಾ ಚೇಂಬರ್ಲೇನ್ ಎಂಬ ಉನ್ನತ ಪದವಿಯೂ ಪೂರ್ವ ಗಡಿಸೀಮೆಯ ವಾರ್ಡನ್ ಹುದ್ದೆಯೂ ಸಿಕ್ಕವು.

ವಾರ್ಡನ್ ಹುದ್ದೆ ಏನೆಂದು ತಿಳಿದರೆ ಇಲ್ಲಿನ ಶ್ರೀಮಂತಿಕೆಯ ಸ್ವರೂಪ ಅರ್ಥವಾಗುತ್ತದೆ. ಗಡಿಯುದ್ದಕ್ಕೂ ಪೂರ್ವ, ಮಧ್ಯ, ಪಶ್ಚಿಮ ಎಂದು ಮೂರು ಸೀಮೆಗಳು. ಪ್ರತಿಯೊಂದಕ್ಕೂ ಗಡಿಯ ಆ ಕಡೆ ಒಬ್ಬ, ಈ ಕಡೆ ಒಬ್ಬ ವಾರ್ಡನ್. 1249ರಲ್ಲೇ ಎರಡೂ ಕಡೆಯ ತಲಾ ಹನ್ನೆರಡು ನೈಟ್‌ಗಳು ಕೂತು ಗಡಿಗೆಂದೇ ಪ್ರತ್ಯೇಕ ಕಾನೂನು ಬರೆದಿದ್ದರು. ದನ ಕದ್ದವನು ನದಿ ದಾಟಿ ಓಡಿಹೋದರೆ ಏನು ಮಾಡಬೇಕು, ಸಾಕ್ಷಿಗಳನ್ನು ಎಲ್ಲಿ ಕರೆಸಬೇಕು ಎಂಬುದೆಲ್ಲ ಅದರಲ್ಲಿತ್ತು. ನಿಗದಿತ ದಿನ ಇಬ್ಬರು ವಾರ್ಡನ್‌ಗಳು ಗಡಿಯಲ್ಲಿ ಸೇರಿ ವ್ಯಾಜ್ಯ ತೀರಿಸುತ್ತಿದ್ದರು. ಎರಡು ರಾಜ್ಯಗಳ ನಡುವೆ ಇದ್ದೂ ಎರಡರ ಕಾನೂನಿಗೂ ಪೂರ್ತಿ ಸೇರದ ನಾಡು ಇದು.

ಆದರೆ ಗಡಿ ಕಾಯಲು ನೇಮಿಸಿದವನೇ ಊರಿನ ಅತಿ ಬಲಾಢ್ಯನೂ ಆಗಿದ್ದರೆ? ಕಾವಲು ಹುದ್ದೆ ಮನೆತನದ ಆಸ್ತಿಯಾಯಿತು. ಎಡಿನ್‌ಬರಾದ ಅಧಿಕಾರ ಬಿಗಿಯಾದಾಗಲೆಲ್ಲ ಘರ್ಷಣೆ. 1513ರ ಫ್ಲಾಡನ್ ಕಾಳಗದಲ್ಲಿ ದೊರೆ ನಾಲ್ಕನೇ ಜೇಮ್ಸ್ ಮಡಿದ. ಎಡಪಕ್ಕದ ಪಡೆ ನಡೆಸಿದ್ದ ಮೂರನೇ ಲಾರ್ಡ್ ಹ್ಯೂಮ್ ಬದುಕಿ ಬಂದ. 1516ರಲ್ಲಿ ರಾಜದ್ರೋಹದ ಆರೋಪದ ಮೇಲೆ ಅವನ ತಲೆ ಕಡಿಸಲಾಯಿತು. ಮರುವರ್ಷ, ಆಳ್ವಿಕೆಯ ಪ್ರತಿನಿಧಿಯಾಗಿ ಬಂದ ಫ್ರೆಂಚ್ ಸರದಾರ ಡಿ ಲಾ ಬಾಸ್ಟಿಯನ್ನು ಹ್ಯೂಮ್ ಕುಲದವರು ಡನ್ಸ್ ಬಳಿ ಅಟ್ಟಿಸಿಕೊಂಡು ಹೋಗಿ ಕೊಂದು ಸೇಡು ತೀರಿಸಿಕೊಂಡರು.

1603ರಲ್ಲಿ ಸ್ಕಾಟ್ಲೆಂಡಿನ ಆರನೇ ಜೇಮ್ಸ್ ಇಂಗ್ಲೆಂಡಿನ ದೊರೆಯೂ ಆದಾಗ ಈ ಪದ್ಧತಿಯ ಅಡಿಪಾಯವೇ ಕುಸಿಯಿತು. ಎರಡೂ ಕಡೆ ಒಬ್ಬನೇ ದೊರೆ. ಕಾಯಲು ಶತ್ರುವೇ ಇಲ್ಲ. ಆತ ಗಡಿನಾಡಿಗೆ ‘ಮಧ್ಯ ಜಿಲ್ಲೆಗಳು’ ಎಂದು ಹೊಸ ಹೆಸರಿಟ್ಟ, ಕಳ್ಳದಾಳಿಯ ಕುಲಗಳನ್ನು ನಿರ್ದಯವಾಗಿ ಹತ್ತಿಕ್ಕಿದ. ಬೆರಿಕ್‌ನಲ್ಲಿ 1611ರಿಂದ ಟ್ವೀಡ್ ಮೇಲೆ ಕಲ್ಲಿನ ಸೇತುವೆ ಏಳತೊಡಗಿತು. ಕತ್ತಿ ಹಿಡಿದಿದ್ದ ಗಡಿನಾಯಕರಿಗೆ ಆಸ್ಥಾನದ ಗೌರವ ದೊರೆಯಿತು: 1605ರಲ್ಲಿ ಲಾರ್ಡ್ ಹ್ಯೂಮ್ ಅರ್ಲ್ ಆದ. ಪಶ್ಚಿಮದ ಲಾಡರ್‌ಡೇಲ್‌ನಲ್ಲಿ ಮೇಟ್‌ಲ್ಯಾಂಡ್ ಮನೆತನ ಬೆಳೆದದ್ದು ಕತ್ತಿಯಿಂದಲ್ಲ, ಕಾನೂನು ಮತ್ತು ಆಡಳಿತದ ಚಾತುರ್ಯದಿಂದ. 1672ರಲ್ಲಿ ಡ್ಯೂಕ್ ಆದ ಜಾನ್ ಮೇಟ್‌ಲ್ಯಾಂಡ್ ಎರಡನೇ ಚಾರ್ಲ್ಸ್‌ನ ಪರವಾಗಿ ಇಡೀ ಸ್ಕಾಟ್ಲೆಂಡನ್ನೇ ನಡೆಸಿದ. ಅವನೊಂದಿಗೇ ಆ ಡ್ಯೂಕ್ ಪದವಿ ಮುಗಿಯಿತು. ಅರ್ಲ್ ಪದವಿ ಅವನ ತಮ್ಮನಿಗೆ ಹೋಯಿತು.

ಬಿರುದು ಒಂದೆಡೆ, ನೆಲ ಒಂದೆಡೆ

ಮೇಲ್ಮನೆಯ ಮಸೂದೆಯ ಚರ್ಚೆಯಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಕಲಸಿಹೋಗುತ್ತವೆ: ಬಿರುದು, ಜಮೀನು, ಅಧಿಕಾರ. ಅವು ಒಂದೊಂದಾಗಿ ಬೇರ್ಪಟ್ಟದ್ದು ಮುನ್ನೂರು ವರ್ಷಗಳಲ್ಲಿ.

1707ರಲ್ಲಿ ಎರಡು ಸಂಸತ್ತುಗಳು ಒಂದಾದಾಗ ಸ್ಕಾಟ್ಲೆಂಡಿನ ಶ್ರೀಮಂತರೆಲ್ಲರಿಗೂ ಲಂಡನ್ನಿನಲ್ಲಿ ಆಸನ ಸಿಗಲಿಲ್ಲ. ತಮ್ಮೊಳಗಿಂದ 16 ಮಂದಿಯನ್ನು ಆರಿಸಿ ಕಳಿಸಬೇಕಿತ್ತು. 1747ರಲ್ಲಿ, ಪದಚ್ಯುತ ಸ್ಟುವರ್ಟ್ ರಾಜವಂಶದ ಪರವಾದ ಜಾಕೊಬೈಟ್ ಬಂಡಾಯ ಅಡಗಿದ ಮೇಲೆ, ಜಮೀನ್ದಾರರು ವಂಶಪಾರಂಪರ್ಯವಾಗಿ ನ್ಯಾಯ ನಡೆಸುವ ಹಕ್ಕು ಹೋಯಿತು. 2004ರ ನವೆಂಬರ್ 28ರಂದು ಊಳಿಗಮಾನ್ಯ ಭೂಹಿಡುವಳಿಯೇ ಕಾನೂನಿನಿಂದ ಅಳಿಯಿತು. ‘ಬ್ಯಾರನ್’ ಎಂಬ ಹಳೆಯ ಹೆಸರು ಉಳಿದರೂ ಅದಕ್ಕೆ ನೆಲದ ನಂಟು ಉಳಿಯಲಿಲ್ಲ.

ಬಿರುದಿನ ಹೆಸರು ಮತ್ತು ವಾಸದ ನೆಲ ಅದಕ್ಕೂ ಮೊದಲೇ ಅಗಲಿದ್ದವು. ಪಕ್ಕದ ಟ್ವೀಡ್‌ಡೇಲ್‌ನ ಉದಾಹರಣೆ ನಮಗೂ ತಾಗುವಂಥದು. ಟ್ವೀಡ್‌ಡೇಲ್‌ನ ಎಂಟನೇ ಮಾರ್ಕ್ವಿಸ್ 1842ರಿಂದ 1848ರವರೆಗೆ ಮದ್ರಾಸಿನ ಗವರ್ನರ್; ಮಂಗಳೂರು, ಬಳ್ಳಾರಿಗಳು ಆಗ ಅವನ ಆಡಳಿತದಡಿ ಇದ್ದವು. ಆದರೆ ಅವನ ಮನೆತನ ಟ್ವೀಡ್‌ಡೇಲ್‌ನ ಕೋಟೆಯನ್ನು 17ನೇ ಶತಮಾನದ ಕೊನೆಯಲ್ಲೇ ಮಾರಿ, ಬೇರೆ ಜಿಲ್ಲೆಯ ಯೆಸ್ಟರ್‌ನಲ್ಲಿ ನೆಲೆಸಿತ್ತು.

ಇನ್ನೂ ಸ್ಪಷ್ಟವಾದ ನಿದರ್ಶನ ಬೆರಿಕ್‌ಶೈರ್‌ನದೇ. 1963ರ ಅಕ್ಟೋಬರಿನಲ್ಲಿ 14ನೇ ಅರ್ಲ್ ಆಫ್ ಹ್ಯೂಮ್ ಬ್ರಿಟನ್ನಿನ ಪ್ರಧಾನಿಯಾದರು. ಮೇಲ್ಮನೆಯಲ್ಲಿ ಕೂತು ಪ್ರಧಾನಿಯಾಗಿರುವುದನ್ನು ಆ ಕಾಲ ಒಪ್ಪುವಂತಿರಲಿಲ್ಲ. ಅದೇ ವರ್ಷ ಬಂದಿದ್ದ ಕಾನೂನು ಬಿರುದು ತ್ಯಜಿಸಲು ಅವಕಾಶ ಕೊಟ್ಟಿತ್ತು. ಅವರು ಬಿರುದು ಬಿಟ್ಟು ಸರ್ ಅಲೆಕ್ ಡಗ್ಲಸ್-ಹ್ಯೂಮ್ ಆದರು. ನವೆಂಬರಿನ ಉಪಚುನಾವಣೆಯಲ್ಲಿ ಗೆಲ್ಲುವವರೆಗೆ ದೇಶದ ಪ್ರಧಾನಿ ಯಾವ ಸದನದ ಸದಸ್ಯರೂ ಆಗಿರಲಿಲ್ಲ. ಗೆದ್ದದ್ದು ಎಲ್ಲಿಂದ? ದೂರದ ಪರ್ತ್‌ಶೈರ್‌ನಿಂದ. ಮನೆ ಬೆರಿಕ್‌ಶೈರ್‌ನ ಕೋಲ್ಡ್‌ಸ್ಟ್ರೀಮ್ ಬಳಿಯ ಹರ್ಸೆಲ್‌ನಲ್ಲಿ. ತ್ಯಜಿಸಿದ ಬಿರುದು ಸತ್ತುಹೋಗಲಿಲ್ಲ. 1995ರಲ್ಲಿ ಅವರು ತೀರಿಕೊಂಡಾಗ ಮಗನಿಗೆ ಬಂತು.

1999ರಲ್ಲಿ ಬಹುತೇಕ ವಂಶಪಾರಂಪರ್ಯ ಸದಸ್ಯರನ್ನು ಮೇಲ್ಮನೆಯಿಂದ ತೆಗೆದಾಗ 92 ಮಂದಿಯನ್ನು ಉಳಿಸಿಕೊಳ್ಳಲಾಯಿತು. ಆ 15ನೇ ಅರ್ಲ್ ಅವರಲ್ಲೊಬ್ಬರಾಗಿ 2022ರಲ್ಲಿ ತೀರಿಕೊಳ್ಳುವವರೆಗೆ ಸದಸ್ಯರಾಗಿದ್ದರು. ಉಳಿದ ಆ ಸ್ಥಾನಗಳನ್ನೂ ತೆಗೆಯುವುದು 2024ರ ಮಸೂದೆಯ ಗುರಿಯಾಗಿತ್ತು. ಹುಟ್ಟಿನಿಂದ ಯಾರಿಗೂ ಶಾಸನ ಮಾಡುವ ಹಕ್ಕು ಬರಬಾರದು ಎಂಬುದು ಸರ್ಕಾರದ ವಾದ. ಮೇಲ್ಮನೆಯ ಪೂರ್ಣ ಸುಧಾರಣೆಯಾಗುವವರೆಗೆ ಇವರು ಉಳಿಯುತ್ತಾರೆ ಎಂದು 1999ರಲ್ಲಿ ಮಾತು ಕೊಡಲಾಗಿತ್ತು, ಇವರನ್ನು ಮಾತ್ರ ತೆಗೆದರೆ ಸದನ ಪೂರ್ತಿ ಪ್ರಧಾನಿಯ ನೇಮಕದ ಕೈಗೆ ಬೀಳುತ್ತದೆ ಎಂಬುದು ವಿರೋಧಿಗಳ ಮಾತು. ಎರಡನೆಯ ಆತಂಕದಲ್ಲಿ ತಿರುಳಿದೆ. ಆದರೆ ನೇಮಕದ ದೋಷಕ್ಕೆ ಹುಟ್ಟಿನ ಹಕ್ಕು ಮದ್ದಾಗಲಾರದು. ಗಡಿನಾಡಿನ ಮಟ್ಟಿಗೆ ತಿಳಿಯಬೇಕಾದ್ದು ಇಷ್ಟು: ಮಸೂದೆ ಮುಟ್ಟುವುದು ಆಸನವನ್ನು ಮಾತ್ರ. ಬಿರುದು ಉಳಿಯುತ್ತದೆ, ಹರ್ಸೆಲ್ ಎಸ್ಟೇಟೂ ಉಳಿಯುತ್ತದೆ. ಬೆರಿಕ್‌ಶೈರ್‌ನ ಹೊಲದಲ್ಲಿ ಯಾರು ಗೇಣಿಗಿದ್ದಾರೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಕೇಂದ್ರ ಕಳೆದುಕೊಂಡ ಜಿಲ್ಲೆ

ಬೆರಿಕ್ ಹೋದ ಮೇಲೆ ಜಿಲ್ಲಾ ಕೇಂದ್ರ ಎಲ್ಲಿ? ಡನ್ಸ್ ಮತ್ತು ಗ್ರೀನ್‌ಲಾ ಎಂಬ ಎರಡು ಸಣ್ಣ ಊರುಗಳು ಶತಮಾನಗಳ ಕಾಲ ಇದಕ್ಕಾಗಿ ಪೈಪೋಟಿ ನಡೆಸಿದವು. 17ನೇ ಶತಮಾನದ ಕೊನೆಗೆ ಗ್ರೀನ್‌ಲಾ ಗೆದ್ದು, ಅಲ್ಲಿ ಆ ಪುಟ್ಟ ಊರಿಗೆ ಅಳತೆ ಮೀರಿದ ಭವ್ಯ ಭವನವೂ ಎದ್ದಿತು. 1903ರ ಕಾನೂನು ಕೇಂದ್ರವನ್ನು ಡನ್ಸ್‌ಗೆ ಕೊಟ್ಟಿತು.

ಅದೂ ಬಹಳ ಕಾಲ ಉಳಿಯಲಿಲ್ಲ. 1975ರ ಮೇ ತಿಂಗಳಲ್ಲಿ ಹಳೆಯ ಕೌಂಟಿ ಆಡಳಿತಗಳೆಲ್ಲ ರದ್ದಾದವು. ಬಾರ್ಡರ್ಸ್ ಎಂಬ ಪ್ರದೇಶ, ಅದರಡಿ ನಾಲ್ಕು ಜಿಲ್ಲೆಗಳು: ಬೆರಿಕ್‌ಶೈರ್, ರಾಕ್ಸ್‌ಬರಾ, ಟ್ವೀಡ್‌ಡೇಲ್, ಎಟ್ರಿಕ್ ಮತ್ತು ಲಾಡರ್‌ಡೇಲ್. ಆಗ ಲಾಡರ್ ಸುತ್ತಲಿನ ಪ್ರದೇಶ ಬೆರಿಕ್‌ಶೈರ್‌ನಿಂದ ತಪ್ಪಿಹೋಯಿತು. 1996ರ ಏಪ್ರಿಲ್‌ನಲ್ಲಿ ಆ ನಾಲ್ಕೂ ಅಳಿದು ಒಂದೇ ಕೌನ್ಸಿಲ್ ಉಳಿಯಿತು.

ಆದರೂ ಅಳಿದ ಜಿಲ್ಲೆಗಳು ಪೂರ್ತಿ ಅಳಿಯಲಿಲ್ಲ. ರಾಜನ ಪ್ರತಿನಿಧಿಯಾದ ಲಾರ್ಡ್ ಲೆಫ್ಟಿನೆಂಟ್ ಇಂದಿಗೂ ಬೆರಿಕ್‌ಶೈರ್‌ಗೆ ಪ್ರತ್ಯೇಕವಾಗಿ ಇದ್ದಾರೆ. ಜಮೀನು ನೋಂದಣಿಯೂ ಬೆರಿಕ್ ಕೌಂಟಿಯ ಹೆಸರಿನಲ್ಲೇ ನಡೆಯುತ್ತದೆ. ಲಾಡರ್‌ನ ಒಂದು ಮನೆಯನ್ನು ತೆಗೆದುಕೊಳ್ಳಿ. ಇತಿಹಾಸದಲ್ಲಿ ಅದು ಬೆರಿಕ್‌ಶೈರ್. ರಾಜಪ್ರತಿನಿಧಿಯ ಲೆಕ್ಕದಲ್ಲಿ ‘ರಾಕ್ಸ್‌ಬರಾ, ಎಟ್ರಿಕ್ ಮತ್ತು ಲಾಡರ್‌ಡೇಲ್’. ಲಂಡನ್ ಸಂಸತ್ತಿಗೆ ಬೆರಿಕ್‌ಶೈರ್ ಜೊತೆ ಮತ. ಎಡಿನ್‌ಬರಾ ಸಂಸತ್ತಿಗೆ 2011ರಿಂದ ದಕ್ಷಿಣ ಮಿಡ್‌ಲೋದಿಯನ್ ಮತ್ತು ಟ್ವೀಡ್‌ಡೇಲ್ ಜೊತೆ. ಒಂದೇ ಮನೆ, ನಾಲ್ಕು ವಿಳಾಸ.

ಕ್ಷೇತ್ರಗಳು ಹೀಗೇಕೆ?

ಲಂಡನ್ ಸಂಸತ್ತಿಗೆ 1708ರಿಂದ 1918ರವರೆಗೆ ಬೆರಿಕ್‌ಶೈರ್‌ಗೆ ತನ್ನದೇ ಸ್ಥಾನವಿತ್ತು. ಆಮೇಲೆ ಪೂರ್ವ ಕರಾವಳಿಯ ನೆರೆಯವರೊಂದಿಗೆ ‘ಬೆರಿಕ್ ಮತ್ತು ಹ್ಯಾಡಿಂಗ್ಟನ್’. 1950ರಿಂದ ‘ಬೆರಿಕ್ ಮತ್ತು ಪೂರ್ವ ಲೋದಿಯನ್’. 1983ರಲ್ಲಿ ನಂಟು ಪಶ್ಚಿಮಕ್ಕೆ ತಿರುಗಿ ‘ರಾಕ್ಸ್‌ಬರಾ ಮತ್ತು ಬೆರಿಕ್‌ಶೈರ್’. 2005ರಿಂದ ಈಗಿನ ರೂಪ.

ಈ ಅಲೆದಾಟದ ಹಿಂದೆ ಪಿತೂರಿಯೇನಿಲ್ಲ, ಲೆಕ್ಕವಿದೆ. 2023ರಲ್ಲಿ ಮುಗಿದ ಮರುವಿಂಗಡಣೆಯಲ್ಲಿ ಪ್ರತಿ ಕ್ಷೇತ್ರಕ್ಕೆ 73,393 ಮತದಾರರು, ಶೇ 5ರಷ್ಟು ಹೆಚ್ಚುಕಡಿಮೆ ಮಾತ್ರ ಇರಬಹುದು ಎಂಬ ನಿಯಮ. ಕೆಲವು ದ್ವೀಪಗಳಿಗೆ ವಿನಾಯಿತಿ. ಸ್ಕಾಟ್ಲೆಂಡಿನ ಸ್ಥಾನಗಳು 59ರಿಂದ 57ಕ್ಕೆ ಇಳಿದವು. ಇಡೀ ಬಾರ್ಡರ್ಸ್ ಪ್ರದೇಶದ ಜನಸಂಖ್ಯೆ ಸುಮಾರು 1,17,000. ಮತದಾರರು ಒಂದು ಕ್ಷೇತ್ರಕ್ಕೆ ಹೆಚ್ಚು, ಎರಡಕ್ಕೆ ಕಡಿಮೆ. ಹಾಗಾಗಿ ಒಂದು ತುಂಡು ಹೊರಗೆ ಹೋಗಲೇಬೇಕು. ಟ್ವೀಡ್‌ಡೇಲ್ ಹೋಗಿ ಡಂಫ್ರೀಸ್‌ಶೈರ್ ಮತ್ತು ಕ್ಲೈಡ್ಸ್‌ಡೇಲ್ ಜೊತೆ ಸೇರಿದೆ. ಎಡಿನ್‌ಬರಾ ಸಂಸತ್ತಿನ ಗಡಿಗಳನ್ನು ಬೇರೊಂದು ಆಯೋಗ ಬೇರೆ ನಿಯಮದಡಿ ಎಳೆಯುತ್ತದೆ. ಅಲ್ಲಿ ನೇರ ಕ್ಷೇತ್ರಗಳು 73, ಪಕ್ಷಗಳಿಗೆ ಬಿದ್ದ ಮತಗಳ ಆಧಾರದ ಮೇಲೆ ತುಂಬುವ ಪ್ರಾದೇಶಿಕ ಪಟ್ಟಿಯ ಸ್ಥಾನಗಳು 56. ಸ್ಥಾನಗಳ ಸಂಖ್ಯೆ ಬೇರೆಯಾದ್ದರಿಂದ ಎರಡು ನಕಾಶೆಗಳು ಹೊಂದುವುದೇ ಇಲ್ಲ. ಮತ ಹಾಕುವ ಕ್ರಮವೂ ಮೂರು ಬಗೆ: ಲಂಡನ್ನಿಗೆ ಹೆಚ್ಚು ಮತ ಪಡೆದವರು ಗೆಲ್ಲುತ್ತಾರೆ, ಎಡಿನ್‌ಬರಾಕ್ಕೆ ಕ್ಷೇತ್ರ ಮತ್ತು ಪಟ್ಟಿ ಎರಡೂ ಸೇರಿ, ಕೌನ್ಸಿಲ್‌ಗೆ ಅಭ್ಯರ್ಥಿಗಳನ್ನು ಒಂದು, ಎರಡು, ಮೂರು ಎಂದು ಕ್ರಮ ಹಾಕಿ. ಎಡಿನ್‌ಬರಾಕ್ಕೆ 16ನೇ ವಯಸ್ಸಿಗೇ ಮತದ ಹಕ್ಕು.

ಸಮಾನ ಮತಮೌಲ್ಯ ಬೇಕೆನ್ನುವವರು ಇದನ್ನು ಸಮರ್ಥಿಸುತ್ತಾರೆ, ಮತ್ತು ಪ್ರಜಾಪ್ರಭುತ್ವದಲ್ಲಿ ಆ ವಾದ ಸಣ್ಣದಲ್ಲ. ಆದರೆ ಪ್ರತಿ ಮರುವಿಂಗಡಣೆಯಲ್ಲೂ ನೆರೆಹೊರೆ ಬದಲಾದರೆ, ಬಸ್ ನಿಂತಾಗ, ಶಾಲೆ ಮುಚ್ಚಿದಾಗ ಯಾರ ಬಾಗಿಲು ತಟ್ಟಬೇಕೆಂಬುದೇ ಜನರಿಗೆ ಅಸ್ಪಷ್ಟವಾಗುತ್ತದೆ. ಉದ್ದುದ್ದ ಹೆಸರುಗಳು ಆ ನಷ್ಟಕ್ಕೆ ಕೊಟ್ಟ ಪರಿಹಾರ. ಹಳೆಯ ಮೂರು ಜಿಲ್ಲೆಗಳ ಹೆಸರನ್ನು ಸಾಲಾಗಿ ಬರೆದು, ನಿಮ್ಮನ್ನು ಮರೆತಿಲ್ಲ ಎಂದು ಹೇಳುವ ಪ್ರಯತ್ನ ಅದು.

ಬೆರಿಕ್ ಪಟ್ಟಣ ಯಾರದು?

1482ರ ನಂತರವೂ ಬೆರಿಕ್ ಪೂರ್ತಿ ಇಂಗ್ಲೆಂಡಾಗಲು ಬಹಳ ಕಾಲ ಹಿಡಿಯಿತು. ಕಾನೂನು ಪತ್ರಗಳಲ್ಲಿ ಅದನ್ನು ಪ್ರತ್ಯೇಕವಾಗಿ ಹೆಸರಿಸಬೇಕಿತ್ತು. ಇಂಗ್ಲೆಂಡ್ ಎಂದರೆ ವೇಲ್ಸ್ ಮತ್ತು ಬೆರಿಕ್ ಕೂಡ ಸೇರಿದೆ ಎಂದು 1746ರ ಕಾನೂನು ಹೇಳಿದ ಮೇಲೆ ಆ ಅಗತ್ಯ ತಪ್ಪಿತು. ಕ್ರಿಮಿಯಾ ಯುದ್ಧದ ಶಾಂತಿ ಒಪ್ಪಂದದಲ್ಲಿ ಬೆರಿಕ್ ಹೆಸರು ಬಿಟ್ಟುಹೋಗಿ, ಆ ಪುಟ್ಟ ಊರು ರಷ್ಯಾದೊಂದಿಗೆ ದಶಕಗಳ ಕಾಲ ಯುದ್ಧದಲ್ಲೇ ಇತ್ತು ಎಂಬ ಜನಪ್ರಿಯ ಕಥೆ ಇದೇ ಕಾರಣಕ್ಕೆ ನಿಲ್ಲುವುದಿಲ್ಲ.

ಊರಿನ ಬದುಕು ಮಾತ್ರ ಎರಡೂ ಕಡೆ ಹರಿಯುತ್ತದೆ. ಬೆರಿಕ್ ರೇಂಜರ್ಸ್ ಫುಟ್‌ಬಾಲ್ ತಂಡ ಇಂಗ್ಲೆಂಡಿನಲ್ಲಿದ್ದರೂ ಆಡುವುದು ಸ್ಕಾಟ್ಲೆಂಡಿನ ಲೀಗಿನಲ್ಲಿ. 1967ರಲ್ಲಿ ಸ್ಕಾಟಿಷ್ ಕಪ್‌ನಲ್ಲಿ ಗ್ಲಾಸ್ಗೋ ರೇಂಜರ್ಸನ್ನು 1–0ರಿಂದ ಸೋಲಿಸಿದ್ದನ್ನು ಊರು ಮರೆತಿಲ್ಲ. ಸ್ಕಾಟ್ಲೆಂಡಿನ ಗಡಿ ರೆಜಿಮೆಂಟಿನ ವಸ್ತುಸಂಗ್ರಹಾಲಯ ನೆಲೆಗೊಂಡದ್ದು ಬೆರಿಕ್‌ನ ಹಳೆಯ ಸೇನಾ ಬ್ಯಾರಕ್ಸಿನಲ್ಲಿ.

1999ರಲ್ಲಿ ಎಡಿನ್‌ಬರಾದಲ್ಲಿ ಸಂಸತ್ತು ಮರಳಿ ಬಂದ ಮೇಲೆ ಈ ಗಡಿಗೆ ಹೊಸ ತೂಕ ಬಂತು. 2011ರಿಂದ ಸ್ಕಾಟ್ಲೆಂಡಿನಲ್ಲಿ ವೈದ್ಯರು ಬರೆದ ಔಷಧಿ ಉಚಿತ. ಬೆರಿಕ್‌ನಲ್ಲಿ ಒಂದೊಂದಕ್ಕೂ ಸುಮಾರು 10 ಪೌಂಡ್. ಸ್ಕಾಟ್ ವಿದ್ಯಾರ್ಥಿಗೆ ತನ್ನ ನಾಡಿನ ವಿಶ್ವವಿದ್ಯಾಲಯದಲ್ಲಿ ಶುಲ್ಕವಿಲ್ಲ; ಬೆರಿಕ್‌ನ ವಿದ್ಯಾರ್ಥಿಗೆ ವರ್ಷಕ್ಕೆ 9,000 ಪೌಂಡಿಗೂ ಹೆಚ್ಚು. ಆದಾಯ ತೆರಿಗೆಯಲ್ಲಿ ಹೆಚ್ಚು ಗಳಿಸುವವರಿಗೆ ಸ್ಕಾಟ್ಲೆಂಡೇ ಭಾರ. ಇಂಥ ವ್ಯತ್ಯಾಸಗಳು ಇನ್ನೂ ಮೂಡತೊಡಗಿದ್ದಾಗಲೇ, 2008ರಲ್ಲಿ, ಟಿವಿ ಕಾರ್ಯಕ್ರಮವೊಂದು ಊರಿನಲ್ಲಿ ನಡೆಸಿದ ಅನಧಿಕೃತ ಮತದಾನದಲ್ಲಿ ಸ್ಕಾಟ್ಲೆಂಡ್ ಸೇರುವ ಪರ ಬಹುಮತ ಬಂತು. ಅದನ್ನು ಅಧಿಕೃತವಾಗಿ ಕೈಗೆತ್ತಿಕೊಂಡವರಿಲ್ಲ. 2024ರ ಚುನಾವಣೆಯಿಂದ ಇಂಗ್ಲೆಂಡಿನ ಕಡೆಯೂ ಕ್ಷೇತ್ರದ ಹೆಸರಿನಿಂದ ಬೆರಿಕ್ ಬಿದ್ದುಹೋಗಿ ‘ಉತ್ತರ ನಾರ್ತಂಬರ್‌ಲ್ಯಾಂಡ್’ ಆಯಿತು.

ಒಂದು ಗಡಿ ಗಟ್ಟಿಯಾದರೆ

ಇಲ್ಲಿ ಹಲವು ಗಡಿಗಳು ಒಟ್ಟಿಗೆ ಬಾಳಲು ಸಾಧ್ಯವಾದದ್ದು ಅವುಗಳಲ್ಲಿ ಯಾವುದೂ ಗೋಡೆಯಾಗದ ಕಾರಣಕ್ಕೆ. ಟ್ವೀಡ್ ನದಿಯ ಸಾಲ್ಮನ್ ಮೀನೇ ಇದಕ್ಕೆ ಒಳ್ಳೆಯ ಸಾಕ್ಷಿ. ನದಿಯ ಜಲಾನಯನ ಪ್ರದೇಶ ಸುಮಾರು 5,000 ಚದರ ಕಿಲೋಮೀಟರ್. ಒಂದು ಭಾಗ ಇಂಗ್ಲೆಂಡಿನಲ್ಲಿದೆ. ಮೀನು ಗಡಿ ನೋಡಿ ಈಜುವುದಿಲ್ಲವಾದ್ದರಿಂದ ಇಡೀ ಜಲಾನಯನಕ್ಕೆ, ಇಂಗ್ಲೆಂಡಿನ ತಿಲ್ ಉಪನದಿಯೂ ಸೇರಿ, ಟ್ವೀಡ್ ಆಯೋಗದ ಒಂದೇ ನಿಯಮ. ಪಶ್ಚಿಮದ ಗಡಿನದಿ ಎಸ್ಕ್‌ನಲ್ಲಿ ಇದರ ತಿರುವುಮುರುವು: ಅಲ್ಲಿ ಮೀನುಗಾರಿಕೆಯ ಉಸ್ತುವಾರಿ ಇಂಗ್ಲೆಂಡಿನದು. 2021ರಲ್ಲಿ ಗಡಿಯ ಎರಡೂ ಕಡೆಯ ಐದು ಸ್ಥಳೀಯ ಆಡಳಿತಗಳು ಸೇರಿ ಮಾಡಿಕೊಂಡ ಬಾರ್ಡರ್‌ಲ್ಯಾಂಡ್ಸ್ ಅಭಿವೃದ್ಧಿ ಒಪ್ಪಂದದಲ್ಲೂ ಇದೇ ತಿಳಿವಳಿಕೆ ಇದೆ.

ಸ್ಕಾಟ್ಲೆಂಡ್ ಸ್ವತಂತ್ರವಾಗಿ ಐರೋಪ್ಯ ಒಕ್ಕೂಟ ಸೇರಿದರೆ ಈ ಹೊಂದಾಣಿಕೆಗೆ ದೊಡ್ಡ ಪರೀಕ್ಷೆ. ಗಡಿನಾಡಿನ ಮನಸ್ಸು ಇಲ್ಲಿ ಎರಡು ಕಡೆ ಎಳೆಯುತ್ತದೆ. 2014ರ ಜನಮತದಲ್ಲಿ ಬಾರ್ಡರ್ಸ್‌ನ ಸುಮಾರು ಶೇ 67ರಷ್ಟು ಮತದಾರರು ಸ್ವಾತಂತ್ರ್ಯ ಬೇಡವೆಂದರು. ಇಡೀ ಸ್ಕಾಟ್ಲೆಂಡಿನಲ್ಲಿ ಅದು ಶೇ 55. 2016ರಲ್ಲಿ ಅದೇ ಬಾರ್ಡರ್ಸ್ ಶೇ 58ಕ್ಕೂ ಹೆಚ್ಚು ಮತಗಳಿಂದ ಐರೋಪ್ಯ ಒಕ್ಕೂಟದಲ್ಲೇ ಉಳಿಯಬೇಕೆಂದಿತು. ನದಿಯಾಚೆಯ ನಾರ್ತಂಬರ್‌ಲ್ಯಾಂಡ್ ಹೊರಬರಬೇಕೆಂದಿತು. ಎರಡು ಸಲವೂ ಗಡಿನಾಡಿನವರು ಕೇಳಿದ್ದು ಒಂದೇ: ಯಾವ ದಿಕ್ಕಿನಲ್ಲೂ ನಮ್ಮ ದಾರಿಗೆ ಅಡ್ಡಗಟ್ಟಬೇಡಿ. ಹೀಗೆ ಓದಿದಾಗ ಆ ಎರಡು ಫಲಿತಾಂಶಗಳ ನಡುವೆ ವಿರೋಧ ಕಾಣುವುದಿಲ್ಲ.

ಜನರ ಓಡಾಟಕ್ಕೆ ತೊಂದರೆಯಾಗದು, ಐರ್ಲೆಂಡ್ ಮತ್ತು ಬ್ರಿಟನ್ ನಡುವೆ ಇರುವಂಥ ಮುಕ್ತ ಸಂಚಾರದ ಏರ್ಪಾಡು ಇಲ್ಲಿಯೂ ಮುಂದುವರಿಯುತ್ತದೆ ಎಂದು ಸ್ವಾತಂತ್ರ್ಯವಾದಿಗಳು ಹೇಳುತ್ತಾರೆ. ಜನರ ಮಟ್ಟಿಗೆ ಅದು ಸಾಧ್ಯ. ಸರಕಿನ ಪ್ರಶ್ನೆ ಬೇರೆ. ಒಕ್ಕೂಟದ ಮಾರುಕಟ್ಟೆ ಟ್ವೀಡ್‌ವರೆಗೆ ಬಂದರೆ ಅದರ ಹೊರಗಡಿಯೂ ಅಲ್ಲಿಗೇ ಬರುತ್ತದೆ. ಲ್ಯಾಂಬರ್ಟನ್ ಬಳಿ ಎ1 ಹೆದ್ದಾರಿಯಲ್ಲಿ ಲಾರಿಗಳ ಕಾಗದಪತ್ರ ನೋಡಬೇಕಾಗುತ್ತದೆ. ಮರ್ಸ್ ಬಯಲಿನ ಬಾರ್ಲಿ, ಐಮತ್ ಬಂದರಿನ ಮೀನು ಎರಡೂ ಆ ಸಾಲಿನಲ್ಲಿ ನಿಲ್ಲುತ್ತವೆ. ಇತ್ತ ಸ್ವತಂತ್ರವಾಗದೆ ಬ್ರಿಟನ್ನಿನೊಳಗೇ ಉಳಿದು ಬಾಳುವುದಕ್ಕೂ ಬೆಲೆಯಿದೆ: ತೆರಿಗೆ, ಔಷಧಿ, ಶುಲ್ಕಗಳಲ್ಲಿ ಎಡಿನ್‌ಬರಾ ಮತ್ತು ಲಂಡನ್ ದೂರ ಸರಿದಷ್ಟೂ ಆ ಅಂತರವನ್ನು ದಿನವೂ ದಾಟಬೇಕಾದವರು ಬೆರಿಕ್ ಮತ್ತು ಐಮತ್‌ನ ಜನರೇ.

ಚುನಾವಣೆಯ ನಕಾಶೆಯಂತೂ ಮತ್ತೆ ಬದಲಾಗುತ್ತದೆ. ಲಂಡನ್ ಸಂಸತ್ತಿನ ಮುಂದಿನ ಮರುವಿಂಗಡಣೆಯ ವರದಿ 2031ರ ಅಕ್ಟೋಬರ್ ಒಳಗೆ ಬರಬೇಕು. 1964ರಲ್ಲಿ ಮುಚ್ಚಿದ್ದ ಬೆರಿಕ್‌ಶೈರ್‌ನ ರೆಸ್ಟನ್ ರೈಲು ನಿಲ್ದಾಣ 2022ರಲ್ಲಿ ಮತ್ತೆ ತೆರೆದಿದೆ. ಎಡಿನ್‌ಬರಾದ ಕೆಲಸಕ್ಕೆ ರೈಲಿನಲ್ಲಿ ಹೋಗಿಬರುವವರು ಕರಾವಳಿಯ ಕಡೆ ಮನೆ ಮಾಡತೊಡಗಿದರೆ ಮತದಾರರ ಸಂಖ್ಯೆ ಆ ತುದಿಯಲ್ಲಿ ಏರುತ್ತದೆ. ಆಗ ಕ್ಷೇತ್ರ ಪಶ್ಚಿಮದ ತುದಿಯಲ್ಲಿ ಕುಗ್ಗಬೇಕಾಗಬಹುದು. ಪಶ್ಚಿಮದ ತುದಿಯಲ್ಲಿ ಇರುವ ಊರುಗಳಲ್ಲಿ ಲಾಡರ್ ಕೂಡ ಒಂದು.